ಮಸಿಯೊಡನೆ ಮೂವತ್ತೊಂದು ದಿನ

ಚಿತ್ರಕಲೆಯನ್ನು ಕುರಿತು ಬರೆಯುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ನಮ್ಮ ಕಾಲೇಜಿನಲ್ಲಿ ಚಿತ್ರಕಲೆಯ ವಿಭಾಗವಿಲ್ಲ. ನಮ್ಮ ಮನೆಯಲ್ಲಿ ಗೋಡೆಯ ಮೇಲಿರುವ ಚಿತ್ರವೆಂದರೆ ಕೊಬ್ಬರಿ ಮಂಡಿಯವರು ವರ್ಷಕ್ಕೊಮ್ಮೆ ಕೊಡುವ ಕ್ಯಾಲೆಂಡರೊಂದೇ. ಆದರೂ ಕಳೆದ ಅಕ್ಟೋಬರ್ ತಿಂಗಳಿನಲ್ಲಿ ದಿನಕ್ಕೊಂದರಂತೆ ಮಸಿಯ ಚಿತ್ರ ಬರೆಯುವೆನೆಂದು ಪಣ ತೊಟ್ಟೆ. ಆ ಪಣ ಪೂರ್ತಿಯಾಗಿ ನೆರವೇರಲಿಲ್ಲ. ಮೂವತ್ತೊಂದು ದಿನಕ್ಕೆ ಬರೆದುದು ಇಪ್ಪತ್ತೆಂಟು ಚಿತ್ರ. ಉಳಿದ ಮೂರು ದಿನ ಏನಾಯಿತೆಂಬುದನ್ನು ಹೇಳುವುದೇ ಈ ಲೇಖನದ ಮುಖ್ಯ ಭಾಗವಾದುದರಿಂದ, ಸಂಖ್ಯೆಯ ಕೊರತೆಯನ್ನು ವಾಚಕರು ಮನ್ನಿಸಬೇಕು.

ಈ ಪಣ ನನ್ನ ಕಲ್ಪನೆಯಲ್ಲ. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ ಎಂಬವರು ತಮ್ಮ ಮಸಿಗೆಲಸ ಸುಧಾರಿಸಬೇಕೆಂದು 2009ರ ಅಕ್ಟೋಬರಿನಲ್ಲಿ ದಿನಕ್ಕೊಂದು ಚಿತ್ರ ಬರೆಯತೊಡಗಿದರು. ಅದಕ್ಕೆ ಇಂಕ್‌ಟೋಬರ್ ಎಂದು ಹೆಸರಾಯಿತು. ವರ್ಷ ಕಳೆದಂತೆ ಹಲವು ದೇಶಗಳ ಜನ ಅದನ್ನು ಅನುಸರಿಸಿದರು. 2016ರಿಂದ ದಿನಕ್ಕೊಂದು ಪದದಂತೆ ಪಟ್ಟಿಯೂ ಬರತೊಡಗಿತು. ಆ ಪಟ್ಟಿಯನ್ನು ನಾನು ಹಾಸ್ಟೆಲಿನ ಗೆಳತಿಯರಿಗೆ ಓದಿ ಹೇಳಿದಾಗ ಅವರಿಗೆ ರುಚಿಸಲಿಲ್ಲ. "ನಮ್ಮ ಮಾತು ನಾವೇ ಹಾಕೋಣ" ಎಂದು ಮೂವತ್ತೊಂದು ಚೀಟಿ ಬರೆದು ಒಂದು ಸ್ಟೀಲ್ ಚೊಂಬಿಗೆ ಹಾಕಿಕೊಟ್ಟರು. ಒನಕೆ, ಬಸ್ ಪಾಸು, ಹುಣಸೆಮರ, ಕೈ, ಹಾಸ್ಟೆಲಿನ ಸಾರು, ಕಾಗೆ, ಹಳೆಯ ಚಪ್ಪಲಿ – ಹೀಗಿದ್ದುವು ಆ ಚೀಟಿಗಳು. ಹಾಸ್ಟೆಲಿನ ಸಾರಿನ ಚಿತ್ರ ಅತ್ಯಂತ ಸುಲಭವಾಯಿತು. ಒಂದು ತಟ್ಟೆ ಬರೆದು ನಡುವೆ ಬರಿಯ ನೀರು ಬಳಿದೆ.

ದಿನಕ್ಕೊಂದು ಚಿತ್ರವೆಂಬುದು 2009ರಲ್ಲಿ ಹುಟ್ಟಿದ ವಿಚಾರವೆಂದು ತಿಳಿಯಬಾರದು. ಜಪಾನಿನ ಹೊಕುಸಾಯ್ (1760–1849) ಎಂಬ ಮಹಾಕಲಾವಿದನ ಕಡಲ ಅಲೆಯ ಚಿತ್ರವನ್ನು ಎಷ್ಟೋ ಜನ ನೋಡಿರುತ್ತಾರೆ. ಆತ ಎಂಬತ್ತು ದಾಟಿದ ಮೇಲೆ, 1842ರ ಕೊನೆಯಿಂದ ಸುಮಾರು ಒಂದು ವರ್ಷ, ಪ್ರತಿ ಬೆಳಗ್ಗೆ ಎದ್ದು ಮಸಿಯಲ್ಲಿ ಒಂದು ಸಿಂಹವನ್ನು ಬರೆಯುತ್ತಿದ್ದನು. ಕೆಡುಕನ್ನು ದೂರವಿಡಲು ದಿನವೂ ಹೊಸದಾಗಿ ಮಾಡುವ ಕ್ರಿಯೆಯೆಂದು ಅದನ್ನು ಕರೆದನು. ಕುಣಿಯುವ ಸಿಂಹ, ಮಲಗಿದ ಸಿಂಹ, ಮನುಷ್ಯರಂತೆ ನಡೆಯುವ ಸಿಂಹ. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಉಳಿದುಬಂದಿವೆ. ಬರೆದು ಎಸೆಯುತ್ತಿದ್ದವುಗಳನ್ನು ಮಗಳು ಆಯ್ದಿಟ್ಟಳೆಂದು ಹೇಳುತ್ತಾರೆ. ನಮ್ಮಜ್ಜಿಗೆ ಈ ಸಂಗತಿ ಹೇಳಿದಾಗ ಆಕೆ ಸ್ವಲ್ಪವೂ ಆಶ್ಚರ್ಯಪಡಲಿಲ್ಲ. "ಅದೊಂದು ವ್ರತ ಅನ್ನು. ದಿನಾ ಬಾಗಿಲಿಗೆ ರಂಗೋಲಿ ಬಿಡಾಕಿಲ್ವಾ ನಾವು? ಸಾಯಂಕಾಲಕ್ಕೆ ಅದೂ ಅಳಿಸೋಗ್ತದೆ" ಎಂದಳು.

ನಮ್ಮವರಲ್ಲಿಯೂ ಉದಾಹರಣೆ ಬೇಕಾದವರು ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರನ್ನು (1921–2015) ನೆನೆಯಬಹುದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ ಬಿ.ಎ. ಆದವರು. ದಶಕಗಳ ಕಾಲ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಗೆ ಕುಂಚ ಮಸಿಗಳಲ್ಲಿ ವ್ಯಂಗ್ಯಚಿತ್ರ ಬರೆದರು. ಬಾಲ್ಯದಿಂದಲೂ ಅವರಿಗೆ ಕಾಗೆಯೆಂದರೆ ಬಲು ಪ್ರೀತಿ. ಚೊಂಬಿನಿಂದ ಕಾಗೆಯ ಚೀಟಿ ಬಂದ ದಿನ ಅವರ ಕಾಗೆಗಳನ್ನು ಮುಂದಿಟ್ಟುಕೊಂಡು ನಾನೂ ಒಂದನ್ನು ಬರೆದೆ. ನೋಡಿದವರೆಲ್ಲ ಅದನ್ನು ಕೋಳಿಯೆಂದೇ ಗುರುತಿಸಿದರು. ತಪ್ಪು ಎಲ್ಲಿತ್ತೆಂಬುದು ಮರುದಿನ ಕಿಟಕಿಯ ಬಳಿ ನಿಂತು ನಿಜವಾದ ಕಾಗೆಯನ್ನು ನೋಡಿದಾಗ ತಿಳಿಯಿತು. ನಾನು ಕಾಗೆಯನ್ನು ಪೂರ್ತಿ ಕಪ್ಪು ಬಳಿದಿದ್ದೆ. ಕಾಗೆಯ ಕತ್ತು ಬೂದಿ ಬಣ್ಣದ್ದು. ಇಪ್ಪತ್ತು ವರ್ಷ ದಿನವೂ ಕಂಡ ಹಕ್ಕಿಯ ಕತ್ತನ್ನು ನಾನು ಒಮ್ಮೆಯೂ ನೋಡಿರಲಿಲ್ಲ!

ಇನ್ನು ಮಸಿಯ ವಿಷಯ. ಮಸಿ ಎಂದರೆ ಮೂಲತಃ ಹೊಗೆಯ ಕಪ್ಪು ಮತ್ತು ಅಂಟು, ಎರಡೇ. ಚೀನೀಯರು ದೇವದಾರಿನಂಥ ಮರವನ್ನೋ ಎಣ್ಣೆಯನ್ನೋ ಉರಿಸಿ ಬಂದ ಕಪ್ಪನ್ನು ಪ್ರಾಣಿಗಳ ತೊಗಲಿನಿಂದ ತೆಗೆದ ಅಂಟಿನಲ್ಲಿ ಕಲಸಿ, ಅಚ್ಚಿಗೆ ಒತ್ತಿ ಒಣಗಿಸಿ ಕಡ್ಡಿ ಮಾಡುತ್ತಾರೆ. ಬರೆಯುವಾಗ ಕಲ್ಲಿನ ಮೇಲೆ ನೀರು ಹಾಕಿ ಆ ಕಡ್ಡಿಯನ್ನು ತೇಯುತ್ತಾರೆ, ನಾವು ಗಂಧ ತೇಯುವಂತೆ. ಇದನ್ನು ಇಂಗ್ಲಿಷರು ಇಂಡಿಯನ್ ಇಂಕ್ ಎಂದರು, ಫ್ರೆಂಚರು ಚೀನಾ ಮಸಿ ಎಂದರು. ಹೊಗೆಯ ಕಪ್ಪು ಇಂಗಾಲವಾದುದರಿಂದ ಬಿಸಿಲಿಗೂ ಕಾಲಕ್ಕೂ ಮಾಸುವುದಿಲ್ಲ. ನಮ್ಮ ನಾಡಿನ ಓಲೆಗರಿಗಳಲ್ಲಿ ಮಸಿಯ ಕೆಲಸ ಇನ್ನೊಂದು ಬಗೆಯದು. ಮೊದಲು ಕಂಠದಿಂದ ಗರಿಯ ಮೇಲೆ ಅಕ್ಷರ ಕೊರೆಯುತ್ತಾರೆ. ಬಳಿಕ ಎಣ್ಣೆ ಬೆರೆಸಿದ ಕಪ್ಪನ್ನು ಉಜ್ಜಿ ಒರಸಿದರೆ ಗೀರಿನಲ್ಲಿ ನಿಂತ ಕಪ್ಪು ಮಾತ್ರ ಉಳಿದು ಅಕ್ಷರ ಕಾಣುತ್ತದೆ. ಕಡತವೆಂಬುದು ಇದಕ್ಕೆ ತಿರುಗುಮುರುಗು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಅದರ ಮೇಲೆ ಬಳಪದಿಂದ ಬೆಳ್ಳಗೆ ಬರೆಯುತ್ತಿದ್ದರು. ಕಾಗದಕ್ಕೆ ಅಳಲೆಕಾಯಿಯ ಕಷಾಯವನ್ನು ಅನ್ನಭೇದಿಯೊಡನೆ ಬೆರೆಸಿದ ಮಸಿಯೂ ಇದ್ದಿತು. ಕಾಯಿಯ ಒಗರಿಗೂ ಕಬ್ಬಿಣದ ಉಪ್ಪಿಗೂ ಸೇರಿ ಕಪ್ಪಾಗುವ ಮಸಿ ಇದು. ಕಾಲಕ್ರಮದಲ್ಲಿ ಕಾಗದವನ್ನೇ ತಿನ್ನುವ ಗುಣವೂ ಇದಕ್ಕಿದೆ.

ಇಷ್ಟನ್ನೂ ನಾನು ಗ್ರಂಥಾಲಯದಲ್ಲಿ ಓದಿಕೊಂಡೆ. ಆದರೆ ಮಸಿ ಎಂದರೇನೆಂದು ತಿಳಿದುದು ಒಂಬತ್ತನೆಯ ತಾರೀಖಿನ ರಾತ್ರಿ ನನ್ನ ಸೀಸೆ ಉರುಳಿಬಿದ್ದ ಮೇಲೆ. ವಿದ್ಯಾರ್ಥಿವೇತನ ಬಂದಿರಲಿಲ್ಲ. ಇನ್ನೊಂದು ಸೀಸೆಗೆ ಮನೆಯಲ್ಲಿ ದುಡ್ಡು ಕೇಳುವ ಧೈರ್ಯವಿರಲಿಲ್ಲ. ಹಾಸ್ಟೆಲಿನ ನೆಲವನ್ನು ನಡುರಾತ್ರಿಯವರೆಗೆ ಉಜ್ಜಿದೆ; ಆ ಕಲೆ ಇಂದಿಗೂ ಹೋಗಿಲ್ಲ. ಅಂಗಡಿಯ ಮಸಿಯಲ್ಲಿ ಸಾಮಾನ್ಯವಾಗಿ ಅರಗು ಸೇರಿರುತ್ತದೆ. ಒಮ್ಮೆ ಒಣಗಿದರೆ ನೀರಿಗೆ ಜಗ್ಗುವುದಿಲ್ಲ. ಕುಂಚವನ್ನು ತೊಳೆಯದೆ ಮಲಗಿದರೆ ಬೆಳಗ್ಗೆ ಅದು ಕಡ್ಡಿಯಾಗಿರುತ್ತದೆ. ಈ ಪಾಠಕ್ಕೆ ನಾನು ತೆತ್ತ ಬೆಲೆ ಎರಡು ಕುಂಚ.

ಮರುದಿನ ದಸರಾ ರಜೆಗೆ ಊರಿಗೆ ಹೋದೆ. ನಮ್ಮ ಊರು ತಿಪಟೂರಿನ ಸೀಮೆಯ ಒಂದು ಹಳ್ಳಿ. ಅಪ್ಪ ತೆಂಗಿನಕಾಯಿ ಸುಲಿಯುವ ಕೂಲಿ ಮಾಡುತ್ತಾರೆ. ಅಟ್ಟದ ಮೇಲೆ ವರ್ಷದ ಹತ್ತಿರಹತ್ತಿರ ಇಟ್ಟು ಒಳಗೇ ಒಣಗಿಸಿದ ಕಾಯಿಯ ಸಿಪ್ಪೆ ಸುಲಿದು, ಕರಟ ಒಡೆದರೆ ಉಂಡೆ ಕೊಬ್ಬರಿ ಸಿಕ್ಕುತ್ತದೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ, ಎರಡು ಕೈಯಿಂದ ತಿರುವಿ, ಸಿಪ್ಪೆ ಬಿಡಿಸುವುದು ಅಪ್ಪನ ಕೆಲಸ. ಮಸಿ ಚೆಲ್ಲಿದ ಸಂಗತಿ ಕೇಳಿ ಅವರು, "ಕಾಲೇಜಿಗೆ ಕಳ್ಸಿದ್ದು ಮಸಿ ಬಳಿಯಾಕೇನವ್ವ?" ಎಂದರು. ಕನ್ನಡದಲ್ಲಿ ಮಸಿ ಬಳಿಯುವುದೆಂದರೆ ಏನರ್ಥವೆಂಬುದು ಎಲ್ಲರಿಗೂ ಗೊತ್ತು. ಅವರು ಬೇಕೆಂದು ಆಡಿದ ಮಾತಲ್ಲದಿರಬಹುದು. ನಾನು ಮಾತ್ರ ಅನ್ನ ಬಿಟ್ಟು ಎದ್ದೆ.

ಅಜ್ಜಿ ಸುಮ್ಮನೆ ಎರಡು ಹಣತೆಗೆ ಹರಳೆಣ್ಣೆ ಹಾಕಿ, ಹೆಬ್ಬೆರಳ ಗಾತ್ರದ ಬತ್ತಿ ಹೊಸೆದು ಹಚ್ಚಿದಳು. ಎರಡು ಇಟ್ಟಿಗೆಯ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿದಳು. ನಮಗೆಲ್ಲ ಚಿಕ್ಕವರಿದ್ದಾಗ ಹೀಗೆಯೇ ಕಾಡಿಗೆ ಮಾಡಿ ಹಚ್ಚಿದವಳು ಅವಳೇ. ಜ್ವಾಲೆ ತಟ್ಟೆಗೆ ತಗುಲುವಂತಿರಬೇಕು. ಎಣ್ಣೆಗೆ ಗಾಳಿ ಸಾಲದೆ ಅರೆಬರೆ ಉರಿದಾಗಲೇ ಹೆಚ್ಚು ಕಪ್ಪು ಕೂರುವುದು. ಮೂರು ರಾತ್ರಿ ಉರಿಸಿ ಕೋಳಿಗರಿಯಿಂದ ಕೆರೆದದ್ದು ಒಂದು ಚಮಚದಷ್ಟು. ಅದು ಎಷ್ಟು ಹಗುರವೆಂದರೆ ಹತ್ತಿರ ಉಸಿರಾಡಿದರೂ ಹಾರುತ್ತದೆ. ನಾನು ವಿದ್ಯಾವಂತಳಲ್ಲವೆ? ಪುಸ್ತಕ ಓದಿದವಳು. ಒಂದು ಚಿಟಿಕೆಯನ್ನು ನೇರವಾಗಿ ನೀರಿಗೆ ಹಾಕಿ ಕದಡಿದೆ. ಅದು ನೀರಿನ ಮೇಲೆ ತೇಲಿ ನಿಂತಿತು. ಎಷ್ಟು ತಿರುವಿದರೂ ಒಳಗಿಳಿಯಲೊಲ್ಲದು.

"ಕಾಡ್ಗೆ ನೀರ್ನಾಗೆ ಬೆರೆಯಾಕಿಲ್ಲ ಕಣವ್ವ. ಮೊದ್ಲು ಅಂಟ್ನಾಗೆ ಅರಿ. ಆಮ್ಯಾಕೆ ನೀರು" ಎಂದಳು ಅಜ್ಜಿ. ಜಾಲಿಯ ಅಂಟನ್ನು ರಾತ್ರಿ ನೆನೆಹಾಕಿ, ಜೇನಿನ ಹದಕ್ಕೆ ಬಂದಾಗ ಕಪ್ಪನ್ನು ಅದರಲ್ಲಿ ಕಲಸಿ, ಚಿಕ್ಕ ಕಲ್ಲಿನ ಮೇಲೆ ಅರೆದೆವು. ಒಂದು ಗಂಟೆ ನಾನು, ಒಂದು ಗಂಟೆ ಅವಳು. ಕಪ್ಪಿನ ಕಣಕಣಕ್ಕೂ ಅಂಟಿನ ಹೊದಿಕೆ ಬಂದ ಮೇಲೆಯೇ ಅದು ನೀರಿನಲ್ಲಿ ಹರಡಿಕೊಳ್ಳುವುದು. ಕೆಡದಿರಲೆಂದು ಎರಡು ಲವಂಗ ಹಾಕಿದೆವು. ಅಂಟು ಹೆಚ್ಚಾದರೆ ಗೆರೆ ಮಿರಮಿರನೆ ಹೊಳೆದು ಒಣಗಿದ ಮೇಲೆ ಬಿರಿಯುತ್ತದೆ, ಕಡಮೆಯಾದರೆ ಬೆರಳಿಗೆ ಹತ್ತುತ್ತದೆ. ಈ ಹದ ಸಿಕ್ಕಲು ನಾಲ್ಕು ಬಾರಿ ಮಾಡಬೇಕಾಯಿತು.

ಹತ್ತು, ಹನ್ನೊಂದು, ಹನ್ನೆರಡನೆಯ ದಿನಗಳ ಚಿತ್ರಗಳು ಹೀಗೆ ದೀಪದ ಕೆಳಗೆ ಕಳೆದುಹೋದುವು. ಸೆಷ್ಶು (1420–1506) ಎಂಬ ಜಪಾನೀ ಸನ್ಯಾಸಿಯ ವಿಷಯವಾಗಿ ಒಂದು ಕಥೆಯಿದೆ. ಆತ ಮಠದಲ್ಲಿ ಬಾಲಕನಾಗಿದ್ದಾಗ ಪಾಠ ಬಿಟ್ಟು ಚಿತ್ರ ಬರೆಯುತ್ತಿದ್ದನೆಂದು ಗುರುಗಳು ಕಂಬಕ್ಕೆ ಕಟ್ಟಿಸಿದರಂತೆ. ಹುಡುಗ ಅತ್ತು, ನೆಲದ ಮೇಲೆ ಬಿದ್ದ ಕಣ್ಣೀರನ್ನೇ ಕಾಲ್ಬೆರಳಿನಿಂದ ಎಳೆದು ಇಲಿ ಬರೆದನಂತೆ. ಗುರುಗಳು ನಿಜವಾದ ಇಲಿಯೆಂದೇ ಬೆದರಿದರಂತೆ. ಮುಂದೆ ಆತ ಚೀನಾಕ್ಕೆ ಹೋಗಿ ಬಂದು ಮಸಿಯ ಭೂದೃಶ್ಯಗಳಲ್ಲಿ ಅಗ್ರಗಣ್ಯನಾದನು. ಕಥೆ ಕಥೆಯೇ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಮೂರು ದಿನ ಕಣ್ಣಲ್ಲಿ ನೀರು ಬಂದುದು ಹೊಗೆಯಿಂದ.

ಮನೆಯ ಮಸಿಗೂ ಅಂಗಡಿಯ ಮಸಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಜಾಲಿಯ ಅಂಟು ಒಣಗಿದ ಮೇಲೂ ನೀರಿನಲ್ಲಿ ಕರಗುತ್ತದೆ. ಇದನ್ನು ತಿಳಿದುಕೊಂಡುದು ಒಂದು ದುಸ್ಸಾಹಸದಿಂದ. ಜಪಾನಿನ ಒಕಾಕುರಾ 1902ರಲ್ಲಿ ಭಾರತಕ್ಕೆ ಬಂದು ಹೋದ ಮೇಲೆ, ಮರುವರ್ಷ ಟೈಕಾನ್ ಮತ್ತು ಷುನ್‌ಸೋ ಎಂಬ ಇಬ್ಬರು ಕಲಾವಿದರು ಕಲ್ಕತ್ತೆಗೆ ಬಂದರು. ಅವರು ಕುಂಚದಿಂದ ತೆಳ್ಳಗೆ ನೀರು ಬಳಿಯುವುದನ್ನು ನೋಡಿ ಅವನೀಂದ್ರನಾಥ ಠಾಕೂರರು ತಮ್ಮದೇ ಒಂದು ಪದ್ಧತಿಯನ್ನು ಕಂಡುಕೊಂಡರು: ಬಣ್ಣ ಹಚ್ಚಿ, ಒಣಗಿಸಿ, ಚಿತ್ರವನ್ನೇ ನೀರಿನಲ್ಲಿ ಅದ್ದಿ ತೆಗೆದು, ಮತ್ತೆ ಬಣ್ಣ ಹಚ್ಚುವುದು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವರ ಶಿಷ್ಯರಾಗಿದ್ದವರು. ಇದನ್ನು ಓದಿ ಉತ್ಸಾಹಗೊಂಡ ನಾನು ಹುಣಸೆಮರದ ಚಿತ್ರವನ್ನು ಬಕೆಟ್ಟಿನಲ್ಲಿ ಅದ್ದಿದೆ. ಮರ ನೀರಿಗೆ ಇಳಿಯಿತು. ಕಾಗದ ಬರಿದಾಗಿ ಮೇಲೆ ಬಂದಿತು. ಪಕ್ಕದ ಕೋಣೆಯವರು ಆ ನೀರಿನಲ್ಲಿ ಬಟ್ಟೆ ನೆನೆಸದಂತೆ ತಡೆದುದೇ ಪುಣ್ಯ.

ಕಾಗದದ ಸಮಸ್ಯೆಯನ್ನು ಊರಿನ ಮುದ್ರಣಾಲಯವೊಂದು ಪರಿಹರಿಸಿತು. ಅಂಚು ಕತ್ತರಿಸಿ ಉಳಿದ ಕಾಗದವನ್ನು ಅವರು ತೂಕಕ್ಕೆ ಹಾಕುತ್ತಾರೆ. ನಾಲ್ಕು ಅಂಗುಲ ಅಗಲ, ಒಂದೂವರೆ ಅಡಿ ಉದ್ದದ ಪಟ್ಟಿಗಳು. ಅವುಗಳ ಆಕಾರವೇ ನನ್ನ ಚಿತ್ರಗಳನ್ನು ನಿಯಂತ್ರಿಸಿತೆಂದರೆ ತಪ್ಪಾಗದು. ಗುಂಪು, ಸಂತೆ, ಕೆರೆ ಇವಕ್ಕೆ ಅಲ್ಲಿ ಜಾಗವಿಲ್ಲ. ತೆಂಗಿನಮರ, ವಿದ್ಯುತ್ ಕಂಬ, ಒನಕೆ ಹಿಡಿದು ನಿಂತ ಹೆಂಗಸು ಚೆನ್ನಾಗಿ ಕೂರುತ್ತಾರೆ. ಮೊದಲ ವಾರದಲ್ಲಿ ನಾನು ಪೆನ್ಸಿಲಿನಲ್ಲಿ ಬರೆದುಕೊಂಡು ಅದರ ಮೇಲೆ ಮಸಿ ಎಳೆಯುತ್ತಿದ್ದೆ. ಆ ಗೆರೆಗಳೆಲ್ಲ ಹೆದರಿ ನಡೆದವರ ಹೆಜ್ಜೆಯಂತಿದ್ದುವು. ಮಸಿಯ ಗೆರೆಯನ್ನು ಅಳಿಸಲಾಗದು, ತಿದ್ದಿದರೆ ತಿದ್ದಿದುದು ಕಾಣುತ್ತದೆ. ಹದಿನಾಲ್ಕನೆಯ ದಿನ ಪೆನ್ಸಿಲು ಬಿಟ್ಟೆ. ಚಿತ್ರ ಕೆಟ್ಟಿತು, ಆದರೆ ಗೆರೆ ನೆಟ್ಟಗಾಯಿತು. ಕುಂಚವನ್ನು ಬೆರಳಿನಿಂದಲ್ಲ, ಮೊಣಕೈಯಿಂದ ನಡೆಸಬೇಕು. ಗೆರೆ ಎಳೆಯುವಾಗ ಕುಂಚದ ತುದಿಯನ್ನಲ್ಲ, ಗೆರೆ ಮುಟ್ಟಬೇಕಾದ ಜಾಗವನ್ನು ನೋಡಬೇಕು. ಮಸಿಗಿಂತ ಹೆಚ್ಚಾಗಿ ನೀರಿನ ಅಳತೆ ತಿಳಿಯಬೇಕು. ಮಸಿಯೊಂದರಲ್ಲೇ ಐದು ಬಣ್ಣವಿದೆಯೆಂದು ಚೀನೀ ಪಂಡಿತರು ಹೇಳುವುದು ಇದಕ್ಕಾಗಿಯೇ. ನನಗೆ ಸಿಕ್ಕಿದ್ದು ಮೂರು. ಕಪ್ಪು, ಬೂದಿ, ಮತ್ತು ಹಾಸ್ಟೆಲಿನ ಸಾರು.

ಇಪ್ಪತ್ತನಾಲ್ಕನೆಯ ದಿನ ಬಂದ ಚೀಟಿ 'ಕೈ.' ಆಗ ಮತ್ತೆ ಊರಿಗೆ ಹೋಗಿದ್ದೆ.

ಇದಕ್ಕೆ ಮೊದಲು ನಡೆದ ಒಂದು ಸಂಗತಿಯನ್ನು ಹೇಳಬೇಕು. ನಾನು ಹುಟ್ಟುವ ಮೊದಲು ನಮ್ಮ ಮನೆಯವರ ಮೈಗೆ ಮಸಿ ಹತ್ತುತ್ತಿದ್ದುದು ಎರಡೇ ಸಂದರ್ಭದಲ್ಲಿ. ಒಂದು, ಚುನಾವಣೆಯಲ್ಲಿ. 1937ರಲ್ಲಿ ಸ್ಥಾಪಿತವಾದ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗಿ 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆಲ್ಲ ಹಚ್ಚುವ ಮಸಿ ಅದು. ಹೊಗೆಯ ಕಪ್ಪಲ್ಲ, ಬೆಳ್ಳಿಯ ಲವಣ, ಬೆಳಕಿಗೆ ಕಪ್ಪಾಗುತ್ತದೆ. ಇನ್ನೊಂದು, ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ. ಅಪ್ಪನಿಗೆ ಓದು ಬರಹ ಬಾರದು. ಈಗ ಪಡಿತರ ಅಂಗಡಿಯಲ್ಲಿ ಮಸಿಯಿಲ್ಲ, ಯಂತ್ರದ ಗಾಜಿನ ಮೇಲೆ ಬೆರಳಿಡಬೇಕು. ಎರಡು ತಿಂಗಳ ಹಿಂದೆ ಅಪ್ಪನೊಡನೆ ನಾನೂ ಸಾಲಿನಲ್ಲಿ ನಿಂತಿದ್ದೆ. ಯಂತ್ರ ಅಪ್ಪನ ಬೆರಳನ್ನು ಒಪ್ಪಲಿಲ್ಲ. ಒಂದೊಂದಾಗಿ ಹತ್ತು ಬೆರಳನ್ನೂ ಇಟ್ಟದ್ದಾಯಿತು. ಹಿಂದಿನವರು ಗೊಣಗಿದರು, ಯಾರೋ ನಕ್ಕರು. ಅವಮಾನವಾಗಿ ನಾನು ಎಲ್ಲರೆದುರಿಗೆ, "ಸರಿಯಾಗಿ ಒತ್ತಪ್ಪ, ಒಂದು ಬೆರಳಿಡಕ್ಕೂ ಬರಲ್ವಾ?" ಎಂದುಬಿಟ್ಟೆ. ಅಪ್ಪ ಏನೂ ಹೇಳಲಿಲ್ಲ. ಮರುದಿನ ಅಮ್ಮ ಕೂಲಿ ಬಿಟ್ಟು ಹೋಗಿ ಅಕ್ಕಿ ತಂದಳು.

ಆ ದಿನ ಊಟವಾದ ಮೇಲೆ ಅಪ್ಪನನ್ನು ಜಗಲಿಯ ಮೇಲೆ ಕೂರಿಸಿ, ಕೈಯನ್ನು ಮೊಣಕಾಲ ಮೇಲೆ ಇಡಿಸಿಕೊಂಡು ಬರೆಯತೊಡಗಿದೆ. ಮೊದಲು ತೆಳುನೀರಿನಲ್ಲಿ ಕೈಯ ಒಟ್ಟು ಆಕಾರ, ಬಳಿಕ ಗೆಣ್ಣುಗಳ ನೆರಳು. ಅಂಗೈಯ ಬಿರುಕುಗಳು ಕುಂಚಕ್ಕೆ ಚೆನ್ನಾಗಿ ಒದಗಿದುವು. ಬೆರಳ ತುದಿಗೆ ಬಂದಾಗ, ಪೊಲೀಸ್ ಕಥೆಗಳಲ್ಲಿ ಕಾಣುವಂತೆ ಸುಳಿ ಸುಳಿಯಾದ ಗೆರೆ ಹಾಕೋಣವೆಂದು ಕುಂಚದ ತುದಿ ಚೂಪು ಮಾಡಿಕೊಂಡು ಬಾಗಿ ನೋಡಿದೆ. ಹಾಕಲು ಗೆರೆಯಿರಲಿಲ್ಲ. ಲಾಟೀನಿನ ಗಾಜಿನಂತೆ ನುಣುಪಾಗಿತ್ತು. ಇನ್ನೊಂದು ಬೆರಳು, ಮತ್ತೊಂದು ಬೆರಳು, ಎಲ್ಲವೂ ಹಾಗೆಯೇ. ಮೂವತ್ತು ವರ್ಷ ತೆಂಗಿನ ಸಿಪ್ಪೆಯ ನಾರು ಉಜ್ಜಿ ಉಜ್ಜಿ ಒರಸಿಹಾಕಿತ್ತು. ಆ ಕಾಯಿ ಸುಲಿದ ಕೂಲಿಯಲ್ಲಿಯೇ ನನ್ನ ಹಾಸ್ಟೆಲಿನ ಸೋಪು, ಬಸ್ಸಿನ ಚಾರ್ಜು, ಪರೀಕ್ಷೆಯ ಶುಲ್ಕ ಬಂದದ್ದು.

ನಾನು ಬಹಳ ಹೊತ್ತು ಕುಂಚ ಇಡದೆ ಕೂತಿದ್ದುದನ್ನು ನೋಡಿ ಅಪ್ಪ, "ಆತಾ?" ಎಂದರು. ನಾನು ಹೇಳಿದೆ: "ಅಪ್ಪ, ನಿನ್ನ ಬೆರಳಾಗೆ ಗೆರೆ ಇಲ್ಲ. ಮಿಷಿನ್ನು ಅದುಕ್ಕೇ ತಗಳ್ಳಿಲ್ಲ. ನೀನು ಸರಿಯಾಗೇ ಒತ್ತಿದ್ದೆ." ಅಪ್ಪ ಬೆರಳನ್ನು ದೀಪಕ್ಕೆ ಹಿಡಿದು ತಾವೂ ನೋಡಿಕೊಂಡರು. "ಹೌದಾ? ನಾನೆಲ್ಲಿ ನೋಡ್ಕಂಡಿದ್ದೆ" ಎಂದು, ಹಳೆಯ ಅಭ್ಯಾಸದಂತೆ ಎಡಗೈ ಹೆಬ್ಬೆಟ್ಟನ್ನು ನನ್ನ ಮಸಿಯ ಚಿಪ್ಪಿಗೆ ಅದ್ದಿ, ಪಟ್ಟಿಯ ಕೆಳಗೆ ಖಾಲಿ ಉಳಿದ ಜಾಗದಲ್ಲಿ ಒತ್ತಿದರು. ಮೊಟ್ಟೆಯಾಕಾರದ ಒಂದು ಕಪ್ಪು ಮೂಡಿತು. ಒಂದು ಅಂಚಿನಲ್ಲಿ ಮಾತ್ರ ಮೂರು ನಾಲ್ಕು ಗೆರೆ.

ಕ್ಷಮಿಸೆಂದು ಕೇಳುವ ವಾಡಿಕೆ ನಮ್ಮ ಮನೆಯಲ್ಲಿಲ್ಲ. ಅಪ್ಪನ ಕೈಗೆ ಹತ್ತಿದ ಮಸಿ ತೊಳೆಯಲು ನೀರು ತಂದುಕೊಟ್ಟೆ. ಮನೆಯ ಮಸಿಯಾದುದರಿಂದ ಬೇಗನೆ ಹೋಯಿತು.

ಉಳಿದ ಏಳು ದಿನಗಳ ಚಿತ್ರಗಳ ವಿಷಯದಲ್ಲಿ ಹೇಳಿಕೊಳ್ಳುವಂಥದು ಹೆಚ್ಚಿಲ್ಲ. ಹಳೆಯ ಚಪ್ಪಲಿ ಪರವಾಗಿಲ್ಲ. ಬಸ್ ಪಾಸು ತೀರ ಸಾಧಾರಣ. ಕೊನೆಯ ದಿನ ಕಾಗೆಯನ್ನು ಇನ್ನೊಮ್ಮೆ ಬರೆಯಬೇಕೆಂದಿದ್ದೆ, ಚೊಂಬಿನಲ್ಲಿ ಉಳಿದಿದ್ದ ಚೀಟಿ 'ಬಾಗಿಲು' ಆಗಿತ್ತು. ನವೆಂಬರಿನಲ್ಲಿ ನಮ್ಮ ಇತಿಹಾಸದ ಅಧ್ಯಾಪಕರು ಇಪ್ಪತ್ತೆಂಟನ್ನೂ ಗ್ರಂಥಾಲಯದ ಗೋಡೆಗೆ ಹಚ್ಚಿಸಿದರು. ನೋಡಿದವರಲ್ಲಿ ಒಬ್ಬರು ಕೈಯ ಚಿತ್ರದ ಕೆಳಗಿನ ಕಪ್ಪನ್ನು ಮಸಿ ಚೆಲ್ಲಿದ ಕಲೆಯೆಂದು ಭಾವಿಸಿ, ಇನ್ನಷ್ಟು ಎಚ್ಚರದಿಂದ ಬರೆಯಬೇಕೆಂದು ಬುದ್ಧಿ ಹೇಳಿದರು. ನಾನು ಆಗಲೆಂದೆ. ಆ ಒಂದು ಚಿತ್ರ ಈಗ ಊರಿನಲ್ಲಿ, ಕ್ಯಾಲೆಂಡರಿನ ಪಕ್ಕದಲ್ಲಿ ಇದೆ. ಅಪ್ಪನೇ ಅನ್ನದ ಅಗುಳು ಹಚ್ಚಿ ಅಂಟಿಸಿದರು.

ಅಜ್ಜಿಯ ಮಸಿ ಇನ್ನೂ ಅರ್ಧ ಸೀಸೆ ಉಳಿದಿದೆ. ಸ್ವಲ್ಪ ಲವಂಗದ ವಾಸನೆಯಿದೆ, ಆದರೆ ಕೆಟ್ಟಿಲ್ಲ. ಬರೆದು ನೋಡಬೇಕೆಂಬ ಆಸೆಯುಳ್ಳ ಸಹಪಾಠಿಗಳು ಹಾಸ್ಟೆಲಿನ ನನ್ನ ಕೋಣೆಗೆ ಬರಬಹುದು. ಕಾಗದದ ಪಟ್ಟಿಗಳು ಬೇಕಾದಷ್ಟಿವೆ. ಕುಂಚವನ್ನು ಮಾತ್ರ ತಾವೇ ತರಬೇಕು.